ನಮ್ಮ ಅಜ್ಜಿ ಕಾಲದಾಗ ಜ್ವರ ಬಂದರೂ ಎನಿಮಾ (ಗುದದ್ವಾರದಿಂದ ನೀರು ಬಿಟ್ಟು ಹೊಟ್ಟಿ ಖಾಲಿ ಮಾಡಿಸೋದು) ಯಾಕೆ ಕೊಡ್ತಿದ್ರು?

ಮಲ ಹೊಟ್ಟೆಯಲ್ಲಿ ನಿಂತರೆ ಅದರ ವಿಷ ರಕ್ತಕ್ಕೆ ಸೇರುತ್ತದೆ, ಬಹುತೇಕ ರೋಗಗಳಿಗೆ ಅದೇ ಮೂಲ ಎಂಬ ನಂಬಿಕೆಯೇ ಕಾರಣ. ಕಲಬುರಗಿಯ ಹಿರಿಯರು ಈಗಲೂ "ಹೊಟ್ಟಿ ಸ್ವಚ್ಛಾದ್ರ ಜಡ್ಡು ಹೋಯ್ತು" ಅಂತಾರಲ್ಲ, ಅದೇ ಲೆಕ್ಕ.

ಇದು ಬರೀ ಹಳ್ಳಿ ಮಾತಲ್ಲ. ಆಯುರ್ವೇದದಲ್ಲಿ ಬಸ್ತಿ, ಯುನಾನಿ ಹಕೀಮರಲ್ಲಿ ಹುಕ್ನಾ ಎಂದು ಈ ಚಿಕಿತ್ಸೆ ಇದೆ. ಬಸ್ತಿ ಎಂದರೆ ಮೂತ್ರಕೋಶ. ಹಿಂದೆ ಪ್ರಾಣಿಯ ಮೂತ್ರಕೋಶವನ್ನೇ ಚೀಲವಾಗಿ ಬಳಸುತ್ತಿದ್ದರು. ರಬ್ಬರ್ ನಳಿಕೆಯ ಡಬ್ಬಿ ಬಂದ ಮೇಲೆ ಸಾಬೂನು ನೀರಿನಿಂದ ಮನೆಯಲ್ಲೇ ಮಾಡುವುದು ಸುಲಭವಾಯಿತು. ಗಾಂಧೀಜಿಯವರೂ ಎನಿಮಾದ ಪಕ್ಷಪಾತಿ.

ಕೆಲಸವೇನೋ ಆಗುತ್ತಿತ್ತು. ನೀರು ಒಳಗೆ ಹೋಗಿ ಗುದನಾಳವನ್ನು ಹಿಗ್ಗಿಸಿದರೆ ಕರುಳು ತಾನಾಗಿ ಹಿಂಡುತ್ತದೆ. ಸಾಬೂನು ಒಳಪದರವನ್ನು ಕೆರಳಿಸಿ ಅದನ್ನು ಇನ್ನಷ್ಟು ಜೋರು ಮಾಡುತ್ತದೆ. ಹೊಟ್ಟೆ ಹಗುರಾದ ಕೂಡಲೇ ತಲೆಭಾರ, ಮಂಕು ಇಳಿಯುತ್ತಿತ್ತು. ಜನ ಅದನ್ನು ವಿಷ ಹೋದ ಗುರುತು ಎಂದುಕೊಂಡರು. ಆದರೆ ವಿಷ ರಕ್ತಕ್ಕೆ ಸೇರಿದ್ದರೆ ಇಷ್ಟು ಬೇಗ ಹೇಗೆ ಇಳಿದೀತು? 1919ರಲ್ಲಿ ಅಮೆರಿಕದ ವೈದ್ಯ ವಾಲ್ಟರ್ ಅಲ್ವಾರೆಜ್ ಎತ್ತಿದ್ದು ಇದೇ ಪ್ರಶ್ನೆ: ಆ ಲಕ್ಷಣಗಳು ಗುದನಾಳ ತುಂಬಿ ಹಿಗ್ಗಿದ್ದರಿಂದ, ವಿಷದಿಂದಲ್ಲ ಎಂದು ವಾದಿಸಿದರು.

ಜ್ವರದ ಮಗುವಿಗೆ ಕೊಟ್ಟಿದ್ದು ಮಾತ್ರ ನನಗೆ ತಪ್ಪೆನಿಸುತ್ತದೆ. ಜ್ವರದಿಂದ ಮೊದಲೇ ದಣಿದ ಮಗುವಿನ ಮೈಯ ನೀರು, ಲವಣದ ಸಮತೋಲ ಇದರಿಂದ ಕೆಡಬಹುದು. ಸಾಬೂನಿನಿಂದ ಕರುಳು ಉರಿಯುವುದೂ ಉಂಟು. ಮಲಬದ್ಧತೆಗೆ ಇಸಬಗೋಲು, ಔಷಧಿ ಅಂಗಡಿಯ ಸಿರಪ್ ಸುಲಭವಾಗಿ ಸಿಗತೊಡಗಿದ ಮೇಲೆ ಎನಿಮಾ ಡಬ್ಬಿ ಅಟ್ಟ ಸೇರಿತು.