ಕೊಡುವ ಮೊದಲು ಉಂಗುರ ಒಮ್ಮೆ ತೊಳೆದು ನೋಡಿ

ನಿಶ್ಚಿತಾರ್ಥಕ್ಕೆ ಗಂಡ ತೊಡಿಸಿದ 25 ಸೆಂಟಿನ, ಅಂದರೆ ಕಾಲು ಕ್ಯಾರೆಟ್ಟಿನ ವಜ್ರದುಂಗುರ ಹನ್ನೆರಡು ವರ್ಷದಲ್ಲಿ ಮಂಕಾಗಿದೆ. ಮಂಗಳೂರಿನ ಅಂಗಡಿಯವರು ಎಕ್ಸ್‌ಚೇಂಜ್‌ನಲ್ಲಿ ಅರ್ಧ ಕ್ಯಾರೆಟ್ಟಿನದು ಕೊಡ್ತೇವೆ ಅಂತಿದ್ದಾರೆ, ಗಂಡನೂ ‘ತಗೋ’ ಅಂತಿದ್ದಾರೆ, ನಿಮಗೆ ಮಾತ್ರ ಬೆರಳಿನಿಂದ ಕಳಚಲು ಮನಸ್ಸಿಲ್ಲ. ಇದಲ್ಲವಾ ನಿಮ್ಮ ಪ್ರಶ್ನೆ? ನಾನು ಉಡುಪಿಯವಳು. ಕೆಲವು ವರ್ಷಗಳ ಹಿಂದೆ ನನಗೂ ಇದೇ ಫಜೀತಿ ಆಗಿತ್ತು. ಒಂದು ಒಡವೆ ಕೊಟ್ಟೆ, ಒಂದು ಕೊಡಲಿಲ್ಲ.

ಮೊದಲು ಉಂಗುರ ತೊಳೆಯಿರಿ. ತಮಾಷೆ ಅಲ್ಲ ಮಾರಾಯ್ರೆ. ವಜ್ರಕ್ಕೆ ನೀರು ಹಿಡಿಯುವುದಿಲ್ಲ, ಜಿಡ್ಡು ಹಿಡಿಯುತ್ತದೆ. ಗಣಿಗಳಲ್ಲಿ ಗ್ರೀಸ್ ಬಳಿದ ಮೇಜಿನ ಮೇಲೆ ಪುಡಿಗಲ್ಲನ್ನು ನೀರಿನೊಟ್ಟಿಗೆ ಹಾಯಿಸಿ ವಜ್ರ ಬೇರೆ ಮಾಡುತ್ತಿದ್ದದ್ದೂ ಇದೇ ಗುಣದಿಂದ. ಉಳಿದ ಕಲ್ಲೆಲ್ಲ ಹರಿದು ಹೋಗುತ್ತದೆ, ವಜ್ರ ಗ್ರೀಸಿಗೆ ಕಚ್ಚಿಕೊಂಡು ಕೂರುತ್ತದೆ. ಇನ್ನು ನಮ್ಮ ಕೈ ಎಂತೆಂಥದ್ದರಲ್ಲಿ ಆಡುತ್ತದೆ ನೋಡಿ: ಮಕ್ಕಳ ತಲೆಗೆ ತೆಂಗಿನೆಣ್ಣೆ, ದೋಸೆ ಕಾವಲಿ, ಬಂಗುಡೆಯ ಮಸಾಲೆ, ಪಾತ್ರೆ ಸೋಪು.

ನನ್ನದು 28 ಸೆಂಟಿನ ಕಲ್ಲು. ರಥಬೀದಿಯ ಹತ್ತಿರದ ಓಣಿಯಲ್ಲಿ ಅತ್ತೆಯ ಕಾಲದಿಂದ ನಾವು ಹೋಗುವ ಅಕ್ಕಸಾಲಿ ಶೇಟ್ರೊಬ್ಬರಿದ್ದಾರೆ. ಎಕ್ಸ್‌ಚೇಂಜಿಗೆ ಹಾಕಿದರೆ ಎಷ್ಟು ಸಿಗಬಹುದು ಅಂತ ಕೇಳಲು ಅವರಲ್ಲಿಗೆ ಹೋದದ್ದು. ಅವರು ಕಣ್ಣಿಗೆ ಸಣ್ಣ ಭೂತಗನ್ನಡಿ ಸಿಕ್ಕಿಸಿ ನೋಡಿದರು, ಮಾತಾಡಲಿಲ್ಲ. ಸೋಪು ಹಾಕಿದ ಬಿಸಿನೀರಿನ ಬಟ್ಟಲಿಗೆ ಉಂಗುರ ಹಾಕಿ, ಸ್ವಲ್ಪ ಹೊತ್ತು ಬಿಟ್ಟು, ಮೆತ್ತಗಿನ ಹಳೇ ಬ್ರಶ್ಶಿನಲ್ಲಿ ಕಲ್ಲಿನ ಅಡಿಭಾಗ ಉಜ್ಜಿದರು. ಕೊಕ್ಕೆಗಳ ಸಂದಿಯಿಂದ ಬೂದು ಬಣ್ಣದ, ಹಳೇ ಬೆಣ್ಣೆಯಂಥ ಒಂದು ಚೂರು ಹೊರಗೆ ಬಂತು. ನನ್ನ ಅಷ್ಟೂ ವರ್ಷದ ಅಡುಗೆ! ಒರೆಸಿ ಬಾಗಿಲ ಬೆಳಕಿಗೆ ಹಿಡಿದರು. ಹೊರಗೆ ಆಟಿಯ ಮಳೆ, ಬರೀ ಮೋಡದ ಬೆಳಕು. ಅಷ್ಟರಲ್ಲೇ ಕಲ್ಲು ಮಿಣ್ಣಂತ ಹೊಳೆಯಿತು. ‘ಇದನ್ನು ಎಂತಕ್ಕೆ ಕೊಡುದು?’ ಅಂದರು.

ಶೋರೂಮಿನ ದೀಪದ ಕೆಳಗೆ ಹೊಳೆಯದ ಕಲ್ಲು ಯಾವುದೂ ಇಲ್ಲ. ತೊಳೆದ ನಿಮ್ಮ ಉಂಗುರವನ್ನೂ ಅವರು ತೋರಿಸುವ ಹೊಸದನ್ನೂ ಬಾಗಿಲ ಹತ್ತಿರ ತಂದು ಒಟ್ಟಿಗೆ ಇಟ್ಟು ನೋಡಿ.

ಇನ್ನು ಲೆಕ್ಕ. ಒಂದು ಕ್ಯಾರೆಟ್ ಅಂದರೆ 200 ಮಿಲಿಗ್ರಾಂ, ಅದರ ನೂರರಲ್ಲೊಂದು ಪಾಲು ಸೆಂಟು. 25 ಸೆಂಟಿನ ದುಂಡು ಕಲ್ಲು ಸುಮಾರು 4.1 ಮಿಲಿಮೀಟರ್ ಅಗಲ ಇರುತ್ತದೆ, 50 ಸೆಂಟಿನದು 5.1. ತೂಕ ಇಮ್ಮಡಿಯಾದರೂ ಬೆರಳ ಮೇಲೆ ಕಾಣುವುದು ಒಂದೇ ಒಂದು ಮಿಲಿಮೀಟರ್ ಹೆಚ್ಚು. ಬೆಲೆ ಮಾತ್ರ ಇಮ್ಮಡಿಗೆ ನಿಲ್ಲುವುದಿಲ್ಲ. ಕಲ್ಲು ದೊಡ್ಡದಾದ ಹಾಗೆ ಕ್ಯಾರೆಟ್ಟಿನ ದರವೇ ಏರುತ್ತದೆ, ಅದರಲ್ಲೂ ಅರ್ಧ, ಒಂದು ಅನ್ನುವ ಗಡಿ ಮುಟ್ಟಿದಲ್ಲಿ ಒಮ್ಮೆಲೇ ಹಾರುತ್ತದೆ. ದೊಡ್ಡದೇ ಬೇಕು ಅಂತಿದ್ದರೆ 46-48 ಸೆಂಟಿನದು ಕೇಳಿ, ಯಾರ ಕಣ್ಣಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ.

‘100% ಎಕ್ಸ್‌ಚೇಂಜ್’ ಅಂದರೆ ಯಾವುದರ ನೂರು ಅಂತ ಬಿಡಿಸಿ ಕೇಳಿ. ಸಾಮಾನ್ಯವಾಗಿ ಅದು ಕಲ್ಲಿನ ಬೆಲೆಯದ್ದು, ಅದೂ ಅವರದೇ ಅಂಗಡಿಯಲ್ಲಿ ಕೊಂಡು ಬಿಲ್ಲು, ಸರ್ಟಿಫಿಕೇಟು ಇಟ್ಟುಕೊಂಡಿದ್ದರೆ. ಹಳೆಯದರ ಮಜೂರಿ ಹೋಯಿತು, ತೆರಿಗೆ ಹೋಯಿತು. ಹೊಸದಕ್ಕೆ ಮತ್ತೆ ಮಜೂರಿ, ಮತ್ತೆ 3% ಜಿಎಸ್‌ಟಿ. ಚಿನ್ನ 18 ಕ್ಯಾರೆಟ್ಟಿನದಾದರೆ ನೂರರಲ್ಲಿ 75 ಪಾಲು ಮಾತ್ರ ಚಿನ್ನ, ಅದಕ್ಕೇ ಲೆಕ್ಕ. ಹಾಲ್‌ಮಾರ್ಕ್ ಉಂಟಲ್ಲ ಅಂತ ಧೈರ್ಯ ಬೇಡ, ಅದು ಹೇಳುವುದು ಚಿನ್ನದ ಶುದ್ಧತೆ, ಕಲ್ಲಿನ ಬಗ್ಗೆ ಒಂದಕ್ಷರವೂ ಅಲ್ಲ.

ನಾನು ಕೊಟ್ಟದ್ದು ಹೂವಿನ ಆಕಾರದ ಒಂದು ಜೊತೆ ಕಿವಿಯೋಲೆ, ತುಂಬ ಪುಟ್ಟ ಪುಟ್ಟ ಕಲ್ಲು. ಅಂಗಡಿಯ ಹುಡುಗ ಚಿನ್ನ ತೂಗಿ, ‘ಚಿಲ್ಲರೆ ಕಲ್ಲಿಗೆ ರೇಟ್ ಇಲ್ಲ ಮೇಡಂ’ ಅಂದ. ಕೊಳ್ಳುವಾಗ ಅದೇ ಚಿಲ್ಲರೆಗೆ ಬಿಲ್ಲಿನಲ್ಲಿ ಸರಿಯಾಗಿ ದುಡ್ಡು ಹಾಕಿದ್ದರು! ಅರ್ಧ ಗಂಟೆ ಜಗಳ ಮಾಡಿದೆ, ಕೊನೆಗೆ ಕೊಟ್ಟು ಬಂದೆ. ಬೇಜಾರಾದದ್ದು ದುಡ್ಡಿಗೆ, ಓಲೆಗಲ್ಲ. ಇವತ್ತಿಗೂ ಅದು ನೆನಪಾಗುವುದಿಲ್ಲ.

ಹಾಗಾದರೆ ಉಂಗುರ ಯಾಕೆ ಕೊಡಲಿಲ್ಲ? ಅತ್ತೆ ಹೇಳಿದ್ದು ಒಂದೇ ಮಾತು: ‘ಆಗಿ ಬಂದ ವಜ್ರ ಕೊಟ್ಟು ಆಗುತ್ತದೋ ಇಲ್ಲವೋ ಗೊತ್ತಿಲ್ಲದ್ದು ತರ್ತಾರಾ?’ ಅವರ ಮೂಗುಬೊಟ್ಟಿನದು ಹಳಬರು ‘ಬ್ಲೂ ಜಾಗರ್’ ಅನ್ನುವ ಕಲ್ಲು. ದಕ್ಷಿಣ ಆಫ್ರಿಕಾದ ಜಾಗರ್ಸ್‌ಫಾಂಟೈನ್ ಗಣಿಯಿಂದ ಬಂದ ಹೆಸರದು. ಬಿಸಿಲಿಗೆ ಹಿಡಿದರೆ ತಿಳಿ ನೀಲಿ. ಆ ಕಾಲದಲ್ಲಿ ಹುಡುಕಿ ಕೊಳ್ಳುತ್ತಿದ್ದ ಅದೇ ಗುಣವನ್ನು ಈಗಿನ ಸರ್ಟಿಫಿಕೇಟಿನಲ್ಲಿ ‘ಫ್ಲೋರೆಸೆನ್ಸ್’ ಅಂತ ಬರೆದು, ಜಾಸ್ತಿ ಇದ್ದರೆ ಬೆಲೆ ಕಡಿಮೆ ಮಾಡುತ್ತಾರೆ. ಆಗಿ ಬರುವುದು, ಬಾರದಿರುವುದರಲ್ಲಿ ನನಗೆ ದೊಡ್ಡ ನಂಬಿಕೆಯಿಲ್ಲ. ಆದರೆ ಕಲ್ಲು ಅದೇ ಇದ್ದು ಬೆಲೆಯ ಲೆಕ್ಕ ಹೀಗೆ ಉಲ್ಟಾ ಆಗುವುದನ್ನು ನೋಡಿದ ಮೇಲೆ ಅಂಗಡಿಯವರ ಮಾತಿಗೆ ಅವಸರ ಮಾಡಬಾರದು ಅನಿಸಿತು.

ನಿಮ್ಮ ಗಂಡ ಯಾಕೆ ಒತ್ತಾಯ ಮಾಡುತ್ತಿದ್ದಾರೆ ಅಂತ ಕೇಳಿದ್ದೀರಾ? ನಮ್ಮವರು ಉಂಗುರ ನೋಡಿದಾಗಲೆಲ್ಲ ‘ಆವತ್ತು ಇಷ್ಟೇ ಆದದ್ದು’ ಅನ್ನುತ್ತಿದ್ದರು. ನನಗೆ ಅದು ನಿಶ್ಚಿತಾರ್ಥದ ದಿನ, ಅವರಿಗೆ ಅದು ಕಡಿಮೆ ಸಂಬಳ. ಇದು ಗೊತ್ತಾಗಲು ನನಗೆ ವರ್ಷಗಳೇ ಬೇಕಾದವು. ಕೊಡುವುದಿಲ್ಲ ಅಂತ ನಾನು ಹಟ ಹಿಡಿದಾಗಲೆಲ್ಲ ಅವರ ಮುಖ ಯಾಕೆ ಸಣ್ಣದಾಗುತ್ತಿತ್ತು ಅಂತ ಆಮೇಲೆ ಅರ್ಥ ಆಯಿತು.

ಹಾಗಾಗಿ ಶೇಟ್ರ ಸಲಹೆಯಂತೆ ಹಳೇ ಉಂಗುರದ ಚಿನ್ನ ಮಾತ್ರ ಕರಗಿಸಲು ಕೊಟ್ಟೆವು. ಎರಡು ಹೆರಿಗೆಯ ನಂತರ ಅದು ಬೆರಳಿಗೆ ಬಿಗಿಯೂ ಆಗಿತ್ತು. ನಡುವೆ ನನ್ನ 28 ಸೆಂಟಿನದು, ಆಚೆ ಈಚೆ ಗಂಡ ಕೊಡಿಸಿದ ಹತ್ತು ಹತ್ತು ಸೆಂಟಿನ ಎರಡು. ಅರ್ಧ ಕ್ಯಾರೆಟ್ಟಿನ ಒಂಟಿ ಕಲ್ಲಿಗಿಂತ ತುಂಬ ಕಡಿಮೆಗೆ ಆಯಿತು, ಕೈ ತುಂಬಿದ ಹಾಗೂ ಕಾಣುತ್ತದೆ.

ನಿಮ್ಮ ಕಲ್ಲಿನ ಅಂಚು ಮುಕ್ಕಾಗಿದ್ದರೆ ನನ್ನ ಮಾತು ಬಿಟ್ಟುಬಿಡಿ, ಎಕ್ಸ್‌ಚೇಂಜೇ ಮಾಡಿ. ವಜ್ರ ಗಟ್ಟಿ, ಆದರೆ ಸರಿಯಾದ ಕೋನದಲ್ಲಿ ಪೆಟ್ಟು ಬಿದ್ದರೆ ಒಡೆಯುತ್ತದೆ, ಮತ್ತೆ ಕೂಡಿಸಲು ಆಗುವುದಿಲ್ಲ. ಹೊಸದು ತುಂಬ ಅಗ್ಗ ಅನಿಸಿದರೆ ಅದು ಲ್ಯಾಬಿನಲ್ಲಿ ಬೆಳೆಸಿದ್ದೋ ಅಂತ ಕೇಳಿ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಅದೂ ವಜ್ರವೇ, ಅಂಗಡಿಯವರ ಪೆನ್ನಿನಂಥ ಟೆಸ್ಟರಿಗೆ ಎರಡರ ವ್ಯತ್ಯಾಸ ಗೊತ್ತಾಗುವುದಿಲ್ಲ, ಆದರೆ ಅದರ ಬೆಲೆ ಕೆಲವು ವರ್ಷಗಳಿಂದ ಇಳಿಯುತ್ತಲೇ ಉಂಟು. ಕಲ್ಲು ಬಿಚ್ಚಲು ಕೊಡುವಾಗ ನಿಮ್ಮೆದುರೇ ತೂಗಿಸಿ, ಬರೆದುಕೊಳ್ಳಿ, ಕೂರಿಸುವ ಮೊದಲು ಇನ್ನೊಮ್ಮೆ ತೂಗಿಸಿ. ನಾಚಿಕೆ ಬೇಡ, ಒಳ್ಳೆಯ ಶೇಟ್ರಿಗೆ ಇದರಿಂದ ಬೇಜಾರಾಗುವುದಿಲ್ಲ.

ಇವತ್ತು ರಾತ್ರಿಯೇ ತೊಳೆಯುವುದಾದರೆ ಸಿಂಕಿನ ಮೇಲೆ ಮಾತ್ರ ಬೇಡ, ಬಟ್ಟಲಲ್ಲಿ. ಕೊಕ್ಕೆ ಸಡಿಲ ಇದ್ದರೆ ಕಲ್ಲು ಮೋರಿಗೆ ಹೋದೀತು.