‘ಹತ್ತು’ ಸರಿ, ‘ಇಪ್ಪತ್ತು’ ಯಾಕೆ?

ಪ್ರಶ್ನೆ: ಮಗಳಿಗೆ ಮಗ್ಗಿ ಹೇಳಿಕೊಡುವಾಗ ಈ ಸಂಶಯ ಬಂತು. ಹತ್ತರಲ್ಲಿ ಹ, ಇಪ್ಪತ್ತರಲ್ಲಿ ಪ್ಪ, ಮೂವತ್ತರಲ್ಲಿ ವ. ಯಾಕೆ ಹೀಗೆ? – ಓದುಗರು, ದಾವಣಗೆರೆ

ಉತ್ತರ: ಮೂಲ ರೂಪ ‘ಪತ್ತು’. ತಮಿಳು, ಮಲಯಾಳಂನಲ್ಲಿ ಇಂದಿಗೂ ಹಾಗೇ ಇದೆ. ಹಳಗನ್ನಡದ ಪದದ ಮೊದಲಿನ ಪಕಾರ ಮುಂದೆ ಹಕಾರವಾಯಿತು: ಪಾಲ್–ಹಾಲು, ಪುಲಿ–ಹುಲಿ. ಹನ್ನೊಂದು, ಹದಿಮೂರೂ ಹೀಗೇ ಬಂದವು. ಆದರೆ ಇರ್ಪತ್ತು ‘ಇಪ್ಪತ್ತು’ ಆದಾಗ ಪ ಒತ್ತಕ್ಷರವಾಗಿ ಒಳಗೆ ಸೇರಿಕೊಂಡು ಉಳಿಯಿತು. ಸ್ವರದ ನಂತರ ಬಂದಾಗ ಅದೇ ಪ ಸಡಿಲಾಗಿ ವ: ಮೂವತ್ತು, ಐವತ್ತು. ಅನುನಾಸಿಕದ ನಂತರ ಬ: ಎಣ್+ಪತ್ತು, ಎಂಬತ್ತು. ಕೇಶಿರಾಜ 13ನೆಯ ಶತಮಾನದಲ್ಲೇ ಶಬ್ದಮಣಿದರ್ಪಣದಲ್ಲಿ ವಿವರಿಸಿದ ಆದೇಶ ಸಂಧಿ ಇದೇ ಜಾತಿಯದು. ನಿಮ್ಮೂರಿನ ಹೆಸರಲ್ಲೇ ಇದೆ ನೋಡಿ, ಕೆರೆ ಹೋಗಿ ‘ಗೆರೆ’!

ಬದಲಾವಣೆಯ ಕಾಲ ಹುಡುಕಬೇಕೆ? ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ 11ನೆಯ ಸಂಪುಟ ಹಳೆಯ ಚಿತ್ರದುರ್ಗ ಜಿಲ್ಲೆಯದು. ದಾವಣಗೆರೆಯೂ ಅದರಲ್ಲೇ ಬರುತ್ತದೆ. ತೇದಿ ಇರುವ ಶಾಸನಗಳನ್ನಷ್ಟೇ ಆರಿಸಿ, ಶತಮಾನವಾರು ಪದಾದಿಯ ಪ, ಹ ಎಣಿಸಿ. ಪುತ್ರ, ಪೂಜೆಯಂಥ ಸಂಸ್ಕೃತ ಪದಗಳನ್ನು ಬಿಡಿ, ಅವು ಬದಲಾಗುವುದಿಲ್ಲ. ಎಲ್ಲರೂ ಎಡವುವುದು ಇಲ್ಲೇ. ಪದ್ಯಭಾಗವನ್ನೂ ಬೇರೆ ಪಟ್ಟಿ ಮಾಡಿ: ಆಡುಮಾತು ಬದಲಾದ ಮೇಲೂ ಕವಿಗಳು ಹಳೆಯ ರೂಪ ಬಿಡುವುದಿಲ್ಲ. ಓಲೆಗರಿ ಪ್ರತಿಗಳನ್ನಂತೂ ಇದಕ್ಕೆ ನಂಬಬೇಡಿ, ನಕಲುಗಾರ ತನ್ನ ಕಾಲದ ಹಕಾರ ತುರುಕಿರುತ್ತಾನೆ.

ಆದರೆ ‘ಪಡೆ’, ‘ಪಡು’ ಇಂಥ ಕೆಲವು ಕನ್ನಡ ಪದಗಳು ಇಂದಿಗೂ ಪಕಾರದಲ್ಲೇ ಇವೆ.