ಕೋಚ್‌ಗಳ ನಡುವೆ ಮಾನಸಿಕ ಮೇಲುಗೈ ಎಂಬುದು ಇದೆಯೇ?

ಪ್ರಶ್ನೆ: ನನ್ನ ಮಗ ಅಮೆರಿಕದ ಕೊಲಂಬಸ್‌ನಲ್ಲಿ, ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾನೆ. ಪ್ರತಿ ವರ್ಷ ನವೆಂಬರ್ ಕೊನೆಯಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ವಿರುದ್ಧ ಅವರ ಅಮೆರಿಕನ್ ಫುಟ್‌ಬಾಲ್ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ) ಪಂದ್ಯ ನಡೆಯುತ್ತದೆ. ‘ನಮ್ಮ ಕೋಚ್‌ಗೆ ಮಿಷಿಗನ್ ಎಂದರೆ ಭಯ, ಅದಕ್ಕೇ ಸೋಲುತ್ತೇವೆ’ ಎಂದು ಅಲ್ಲಿ ಎಲ್ಲರೂ ಆಡಿಕೊಳ್ಳುತ್ತಾರಂತೆ. ಒಬ್ಬ ಕೋಚ್ ಇನ್ನೊಬ್ಬರ ಮೇಲೆ ಮಾನಸಿಕ ಮೇಲುಗೈ ಸಾಧಿಸುವುದು ನಿಜವೇ?

ಉತ್ತರ: ಒತ್ತಡ ಎಂಬುದು ನಿಜ, ಅದು ಕೋಚ್‌ಗಳ ತೀರ್ಮಾನಗಳನ್ನು ಬದಲಿಸುವುದೂ ನಿಜ. ಆದರೆ ಒಬ್ಬ ಕೋಚ್ ಎದುರಾಳಿಯ ಮನಸ್ಸನ್ನು ವರ್ಷಗಟ್ಟಲೆ ಹಿಡಿದಿಟ್ಟುಕೊಳ್ಳುತ್ತಾರೆ ಎಂಬ ನಂಬಿಕೆಗೆ ಈ ಎರಡು ತಂಡಗಳ ಇತಿಹಾಸದಲ್ಲಿ ಗಟ್ಟಿ ಆಧಾರ ಸಿಗುವುದಿಲ್ಲ.

ಈ ಮಾತು ಬಂದಾಗಲೆಲ್ಲ ಮೊದಲು ಎತ್ತುವ ಹೆಸರು ಜಾನ್ ಕೂಪರ್ ಅವರದು. 1988ರಿಂದ 2000ದವರೆಗೆ ಓಹಾಯೊ ಸ್ಟೇಟ್‌ನ ಕೋಚ್ ಆಗಿದ್ದ ಅವರು ಒಟ್ಟು 111 ಪಂದ್ಯಗಳನ್ನು ಗೆಲ್ಲಿಸಿಕೊಟ್ಟರು. ಮಿಷಿಗನ್ ಎದುರು ಮಾತ್ರ 13 ಪಂದ್ಯಗಳಲ್ಲಿ ಎರಡನ್ನು ಗೆದ್ದು, ಹತ್ತನ್ನು ಸೋತು, ಒಂದರಲ್ಲಿ ಸಮ ಮಾಡಿಕೊಂಡರು. ಎರಡೂ ತಂಡಗಳು ಸಮಬಲದವೆಂದು ಭಾವಿಸಿ ನಾಣ್ಯ ಚಿಮ್ಮಿದಂತೆ ಲೆಕ್ಕ ಹಾಕಿದರೆ, ಫಲಿತಾಂಶ ಕಂಡ 12 ಪಂದ್ಯಗಳಲ್ಲಿ ಎರಡು ಅಥವಾ ಅದಕ್ಕಿಂತ ಕಡಿಮೆ ಗೆಲ್ಲುವ ಸಂಭವ ನೂರಕ್ಕೆ ಸುಮಾರು ಎರಡು. ಇದು ಅಪರೂಪವೇ ಹೊರತು ಅಸಂಭವವಲ್ಲ. ಅಮೆರಿಕದಲ್ಲಿ ಇಂಥ ಹಳೆಯ ಪೈಪೋಟಿಗಳು ಹತ್ತಾರಿವೆ, ಅವುಗಳಲ್ಲಿ ದುಡಿದ ಕೋಚ್‌ಗಳು ನೂರಾರು. ಅಷ್ಟು ಜನರಲ್ಲಿ ಕೆಲವರ ಪಾಲಿಗೆ ಇಂಥ ದಾಖಲೆ ಬರಿಯ ಆಕಸ್ಮಿಕವಾಗಿಯೂ ಬರುತ್ತದೆ. ಅಲ್ಲದೆ ಕೂಪರ್ ಅವರ ಮೊದಲ ಐದು ವರ್ಷಗಳಲ್ಲಿ, ಎರಡೂ ತಂಡಗಳು ಆಡುವ ಬಿಗ್ ಟೆನ್ ಲೀಗಿನ ಪ್ರಶಸ್ತಿ ಪ್ರತಿ ಬಾರಿಯೂ ಮಿಷಿಗನ್‌ಗೇ ಸಂದಿತ್ತು, ಒಮ್ಮೆ ಹಂಚಿಕೆಯಲ್ಲಿ. ಬಲವಾದ ತಂಡಕ್ಕೆ ಸೋತದ್ದಕ್ಕೆ ಮನಶ್ಶಾಸ್ತ್ರದ ಕಾರಣ ಹುಡುಕಬೇಕಾಗಿಲ್ಲ.

ನಿಜವಾಗಿ ವಿವರಣೆ ಬೇಡುವ ಸೋಲುಗಳು ಮೂರು: 1993, 1995 ಮತ್ತು 1996ರವು. ಮೂರು ಸಲವೂ ಓಹಾಯೊ ಸ್ಟೇಟ್ ಆ ಋತುವಿನಲ್ಲಿ ಅದುವರೆಗೆ ಒಂದೂ ಪಂದ್ಯ ಸೋಲದೆ ಅಂಗಳಕ್ಕಿಳಿದಿತ್ತು. ಆದರೆ 1995ರಲ್ಲಿ ಮಿಷಿಗನ್‌ನ ಟಿಮ್ ಬಿಯಾಕಬುಟುಕಾ ಒಬ್ಬರೇ ಚೆಂಡು ಹಿಡಿದು 313 ಗಜ ಓಡಿದರು. 1996ರಲ್ಲಿ ಓಹಾಯೊದ ರಕ್ಷಕ ಆಟಗಾರ ಕಾಲು ಜಾರಿದ ಕ್ಷಣದಲ್ಲಿ ಎದುರಾಳಿ 69 ಗಜದ ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಪಡೆಯುವ ಅಂಕ) ಗಳಿಸಿದರು. ಇವೆರಡನ್ನೂ ಕೋಚ್‌ನ ಅಳುಕಿನ ಲೆಕ್ಕಕ್ಕೆ ಸೇರಿಸುವುದು ನ್ಯಾಯವಲ್ಲ. ದೊಡ್ಡ ಪಂದ್ಯವೆಂದರೆ ಅವರು ಕುಗ್ಗುತ್ತಿದ್ದರು ಎಂಬ ದೂರೂ ಪೂರ್ತಿ ನಿಲ್ಲುವುದಿಲ್ಲ, ಏಕೆಂದರೆ 1996ರ ಆ ಸೋಲಿನ ಕೆಲವೇ ವಾರಗಳ ನಂತರ ಅದೇ ಕೋಚ್ ಅದೇ ತಂಡದೊಂದಿಗೆ, ಋತುವಿನ ಕೊನೆಯ ಪ್ರತಿಷ್ಠಿತ ಪಂದ್ಯವಾದ ರೋಸ್ ಬೌಲ್ ಗೆದ್ದರು.

ಇನ್ನೊಂದು ದಾಖಲೆಯನ್ನು ನಿಮ್ಮ ಮಗನ ಗಮನಕ್ಕೆ ತನ್ನಿ. ಮಿಷಿಗನ್‌ನ ಲಾಯ್ಡ್ ಕಾರ್ 1995ರಿಂದ 2007ರವರೆಗೆ ಕೋಚ್ ಆಗಿದ್ದರು. ಕೂಪರ್ ಎದುರು ಆರರಲ್ಲಿ ಐದು ಗೆದ್ದ ಅವರು, ಕೂಪರ್ ನಂತರ ಬಂದ ಜಿಮ್ ಟ್ರೆಸೆಲ್ ಎದುರು ಏಳರಲ್ಲಿ ಗೆದ್ದದ್ದು ಒಂದನ್ನು ಮಾತ್ರ. ಮೇಲುಗೈ ಎನ್ನುವುದು ಕಾರ್ ಅವರ ಸ್ವಂತ ಶಕ್ತಿಯಾಗಿದ್ದರೆ ಅದು 2001ರಲ್ಲಿ ಒಮ್ಮೆಲೇ ಎಲ್ಲಿಗೆ ಹೋಯಿತು? ಬದಲಾದದ್ದು ಎದುರಿನ ತಂಡ ಮತ್ತು ಅದರ ಸಿದ್ಧತೆ. ಟ್ರೆಸೆಲ್ ಅಧಿಕಾರ ವಹಿಸಿಕೊಂಡ ಹೊಸತರಲ್ಲೇ, 2001ರ ಜನವರಿಯಲ್ಲಿ, ಬ್ಯಾಸ್ಕೆಟ್‌ಬಾಲ್ ಪಂದ್ಯವೊಂದಕ್ಕೆ ನೆರೆದಿದ್ದ ಜನರ ಮುಂದೆ ನಿಂತು, ಇನ್ನು 310 ದಿನಗಳಲ್ಲಿ ಮಿಷಿಗನ್ ತಂಡದ ಊರಾದ ಆನ್ ಆರ್ಬರ್‌ನಲ್ಲಿ ನಮ್ಮ ಹುಡುಗರ ಬಗ್ಗೆ ನಿಮಗೆ ಹೆಮ್ಮೆಯಾಗುತ್ತದೆ ಎಂಬ ಅರ್ಥದಲ್ಲಿ ಮಾತಾಡಿದರು. ಅವರ ತಂಡ ಆ ಋತುವಿನಲ್ಲಿ ಐದು ಪಂದ್ಯ ಸೋತಿತು. ಮಿಷಿಗನ್ ಅಂಗಳದಲ್ಲಿ ಮಾತ್ರ 26–20ರಿಂದ ಗೆದ್ದಿತು. ಆ ಮಾತಿಗೆ ಮಂತ್ರಶಕ್ತಿ ಇತ್ತೆಂದು ನಾನು ಹೇಳುವುದಿಲ್ಲ. ದೊಡ್ಡ ಪಂದ್ಯದ ಹೆಸರೆತ್ತಲು ಹಿಂಜರಿಯದೆ, ಅದನ್ನು ವರ್ಷವಿಡೀ ಮಾಡುವ ಕೆಲಸವನ್ನಾಗಿ ಬದಲಿಸಿದರೆ ಆತಂಕ ತಗ್ಗುತ್ತದೆ ಎಂಬುದು ನಮ್ಮ ಕ್ರೀಡಾ ಮನಶ್ಶಾಸ್ತ್ರದ ಕ್ಷೇತ್ರದಲ್ಲಿ ಹಳೆಯ ಅನುಭವ. ಓಹಾಯೊದಲ್ಲಿ ಈ ಅರಿವು 1934ರಿಂದಲೂ ಇದೆ. ಅವರೂ ನಮ್ಮ ಹಾಗೆ ಒಂದೊಂದೇ ಕಾಲಿಗೆ ಪ್ಯಾಂಟು ಏರಿಸುವವರು ಎಂದು ಅಂದಿನ ಕೋಚ್ ಫ್ರಾನ್ಸಿಸ್ ಸ್ಮಿಟ್ ಮಿಷಿಗನ್ ಬಗ್ಗೆ ಹೇಳಿದ್ದರು. ಅಂದಿನಿಂದ ಮಿಷಿಗನ್ ವಿರುದ್ಧ ಗೆದ್ದ ಪ್ರತಿ ಆಟಗಾರನಿಗೂ ಬೆರಳತುದಿಯಷ್ಟು ಚಿಕ್ಕ ಚಿನ್ನದ ಬಣ್ಣದ ಪ್ಯಾಂಟಿನ ಪದಕ ಕೊಡುತ್ತಾರೆ.

ಒಂದೇ ತಂಡ ಸತತವಾಗಿ ಗೆದ್ದ ದಾಖಲೆಯನ್ನೂ ಬಿಡಿಸಿ ನೋಡಬೇಕು. ಓಹಾಯೊ ಸ್ಟೇಟ್‌ನ ಕೋಚ್ ಆಗಿದ್ದ ಅರ್ಬನ್ ಮೇಯರ್ 2012ರಿಂದ 2018ರವರೆಗೆ ಮಿಷಿಗನ್ ಎದುರು ಏಳಕ್ಕೆ ಏಳನ್ನೂ ಗೆದ್ದರು. ಆದರೆ 2013ರಲ್ಲಿ, 32 ಸೆಕೆಂಡುಗಳಷ್ಟೇ ಉಳಿದಿದ್ದಾಗ ಮಿಷಿಗನ್ ಟಚ್‌ಡೌನ್ ಬಳಿಕ ಎರಡು ಹೆಚ್ಚುವರಿ ಅಂಕಗಳಿಗೆ ಮಾಡಿದ ಯತ್ನ ವಿಫಲವಾಗಿ ಪಂದ್ಯ 42–41ರಲ್ಲಿ ಮುಗಿಯಿತು. 2016ರಲ್ಲಿ, ಎರಡನೆಯ ಹೆಚ್ಚುವರಿ ಅವಧಿಯಲ್ಲಿ, ಚೆಂಡನ್ನು ತನ್ನ ಬಳಿಯೇ ಉಳಿಸಿಕೊಳ್ಳಲು ಓಹಾಯೊಗೆ ಕೊನೆಯ ಅವಕಾಶದಲ್ಲಿ ಒಂದು ಗಜ ಬೇಕಿತ್ತು. ಕ್ವಾರ್ಟರ್‌ಬ್ಯಾಕ್ (ತಂಡದ ದಾಳಿಯನ್ನು ನಡೆಸುವ ಆಟಗಾರ) ಜೆ.ಟಿ. ಬ್ಯಾರೆಟ್ ನುಗ್ಗಿದರು, ಚೆಂಡು ಗೆರೆ ಮುಟ್ಟಿತೋ ಇಲ್ಲವೋ ಎಂದು ಅಂಪೈರ್‌ಗಳು ವಿಡಿಯೊ ಪರಿಶೀಲಿಸಿ ಮುಟ್ಟಿದೆ ಎಂದರು, ಅದರ ಬೆನ್ನಿಗೇ ಗೆಲುವಿನ ಟಚ್‌ಡೌನ್ ಬಂತು. ಈ ಎರಡೂ ಕಡೆ ಕೂದಲೆಳೆಯಷ್ಟು ಆಚೀಚೆಯಾಗಿದ್ದರೆ ದಾಖಲೆ ಐದು–ಎರಡು ಆಗುತ್ತಿತ್ತು, ಮೇಯರ್ ಅವರ ಮೇಲುಗೈಯ ಬಗ್ಗೆ ಯಾರೂ ಇಷ್ಟು ಮಾತಾಡುತ್ತಿರಲಿಲ್ಲ.

ಹಾಗಾದರೆ ಮನಸ್ಸು ಎಲ್ಲಿ ಕೆಲಸ ಮಾಡುತ್ತದೆ? ಆಟಗಾರರು ನಾಲ್ಕೈದು ವರ್ಷಕ್ಕೆ ಬದಲಾಗುತ್ತಾರೆ, ಹಳೆಯ ಸೋಲಿನ ಹೊರೆಯನ್ನು ಹೊತ್ತು ಉಳಿಯುವವರು ಕೋಚ್ ಮಾತ್ರ. ಸೋಲು ಸಾಲುಗಟ್ಟಿದಾಗ ಅವರ ತೀರ್ಮಾನಗಳು ಗೆಲುವಿನ ಕಡೆಗಿರದೆ, ಟೀಕೆ ತಪ್ಪಿಸಿಕೊಳ್ಳುವ ಕಡೆಗೆ ವಾಲುವ ಅಪಾಯವಿದೆ. 2024ರಲ್ಲಿ ಕೋಚ್ ರಯಾನ್ ಡೇ ಅವರ ಓಹಾಯೊ ಸ್ಟೇಟ್ ಬಳಿ ದೇಶದ ಅತ್ಯುತ್ತಮ ಪಾಸ್ ಹಿಡಿಯುವವರಿದ್ದರು. ಆದರೂ ತಂಡ ಮತ್ತೆ ಮತ್ತೆ ಮಿಷಿಗನ್‌ನ ಬಲಿಷ್ಠ ಮುಂಗೋಡೆಯ ನಡುವೆಯೇ ಚೆಂಡು ಓಡಿಸಲು ಹೋಗಿ, ಚೆಂಡನ್ನು ಕಂಬಗಳ ನಡುವೆ ಒದ್ದು ಅಂಕ ಗಳಿಸುವ ಎರಡು ಫೀಲ್ಡ್ ಗೋಲ್‌ಗಳನ್ನೂ ತಪ್ಪಿಸಿಕೊಂಡು, 13–10ರಿಂದ ಸೋತಿತು. ಹಿಂದಿನ ವರ್ಷಗಳಲ್ಲಿ ‘ನೀವು ಮೆದು’ ಎಂಬ ಟೀಕೆ ಕೇಳಿದ್ದ ತಂಡ ತಾನು ಗಟ್ಟಿಯೆಂದು ತೋರಿಸಲು ಹೊರಟಂತೆ ನನಗೆ ಕಂಡಿತು. ಇಲ್ಲಿ ಎದುರಾಳಿ ಕೋಚ್‌ನ ಮೇಲುಗೈ ಇರಲಿಲ್ಲ. ಮಿಷಿಗನ್‌ನ ಶೆರಾನ್ ಮೂರ್ ಪೂರ್ಣಾವಧಿ ಕೋಚ್ ಆಗಿ ಅದು ಮೊದಲ ವರ್ಷ. ಒತ್ತಡ ಹುಟ್ಟಿದ್ದು ಓಹಾಯೊದ ಒಳಗೇ. ಅದೇ ತಂಡ ಮುಂದಿನ ಜನವರಿಯಲ್ಲಿ ನೋಟ್ರೆ ಡೇಮ್ ತಂಡವನ್ನು 34–23ರಿಂದ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆಯಿತು, 2025ರ ನವೆಂಬರ್‌ನಲ್ಲಿ ಡೇ ಅವರೇ ಕೋಚ್ ಆಗಿರುವಾಗ ಮಿಷಿಗನ್ ಅನ್ನು ಅದರ ಅಂಗಳದಲ್ಲೇ 27–9ರಿಂದ ಮಣಿಸಿತು.

ಮುಂದಿನ ಪಂದ್ಯ ನೋಡುವಾಗ ಕೋಚ್‌ನ ಮುಖಭಾವ ಬೇಡ, ಆತ ಅಪಾಯದ ಘಳಿಗೆಯಲ್ಲಿ ಯಾವ ಆಟ ಆರಿಸುತ್ತಾರೆ, ಅದು ಆ ತಂಡ ಋತುವಿಡೀ ಆಡಿದ ರೀತಿಗೆ ಹೊಂದುತ್ತದೆಯೇ ಎಂಬುದನ್ನು ಗಮನಿಸಲು ನಿಮ್ಮ ಮಗನಿಗೆ ಹೇಳಿ. ಹೊಂದದಿದ್ದರೆ, ಒತ್ತಡ ಕೆಲಸ ಮಾಡುತ್ತಿರಬಹುದು ಎಂದು ಅನುಮಾನಿಸಲು ಅಲ್ಲಿ ಕಾರಣವಿದೆ.